ಅಟ್ಲಾಂಟಿಕ್ ಚಂಡಮಾರುತಗಳು: ಹೆಸರು ಬರುವುದು ಹೇಗೆ, ಅಪ್ಪಳಿಸುವುದು ಎಲ್ಲಿ?

ಆಗಸ್ಟ್, ಸೆಪ್ಟೆಂಬರ್ ತಿಂಗಳು ಬಂತೆಂದರೆ ಟಿವಿ ವಾರ್ತೆಯಲ್ಲಿ ಅಮೆರಿಕದ ಒಂದಲ್ಲ ಒಂದು ಚಂಡಮಾರುತದ ಸುದ್ದಿ ಇದ್ದೇ ಇರುತ್ತದೆ. ಹ್ಯೂಸ್ಟನ್‌ನಲ್ಲೋ ಫ್ಲೋರಿಡಾದಲ್ಲೋ ಮಕ್ಕಳಿರುವ ನಮ್ಮ ಊರಿನ ಮನೆಯವರು ಕೂಡಲೇ ಫೋನ್ ಹಚ್ಚುತ್ತಾರೆ. "ಕೆಟಗರಿ ಎರಡು ಅಷ್ಟೇ ಅಪ್ಪಾ, ಹೆದರಬೇಡಿ" ಎಂಬ ಉತ್ತರ ಬಂದರೆ ಇಲ್ಲಿ ಸಮಾಧಾನ. ಆದರೆ ಆ 'ಎರಡು' ಎಂಬ ಸಂಖ್ಯೆ ಅಳೆಯುವುದು ಗಾಳಿಯನ್ನು ಮಾತ್ರ. ಚಂಡಮಾರುತದಲ್ಲಿ ಜನ ಸಾಯುವುದು ಹೆಚ್ಚಾಗಿ ನೀರಿನಿಂದ! ಹೆಸರು, ಸಂಖ್ಯೆ, ನಕ್ಷೆ ಈ ಮೂರನ್ನೂ ಸರಿಯಾಗಿ ಓದಲು ಬಾರದೆ ಹೋದ ಜೀವಗಳ ಲೆಕ್ಕ ದೊಡ್ಡದಿದೆ. ಈ ಬಗ್ಗೆ ಒಂದಷ್ಟು ಮಾಹಿತಿ ಇಲ್ಲಿದೆ.

ಮೊದಲಿಗೆ ಪದದ ವಿಚಾರ. ನಾವು ಎಲ್ಲದಕ್ಕೂ ಚಂಡಮಾರುತ ಎನ್ನುತ್ತೇವೆ. ಅಟ್ಲಾಂಟಿಕ್ ಸಾಗರದಲ್ಲಿ ಹುಟ್ಟಿದರೆ ಹರಿಕೇನ್, ಜಪಾನ್, ಫಿಲಿಪ್ಪೀನ್ಸ್ ಕಡೆ ಟೈಫೂನ್, ನಮ್ಮ ಅರಬ್ಬೀ ಸಮುದ್ರ ಮತ್ತು ಬಂಗಾಳ ಕೊಲ್ಲಿಯಲ್ಲಿ ಸೈಕ್ಲೋನ್. ವಸ್ತು ಒಂದೇ, ಊರು ಬೇರೆ. ಹರಿಕೇನ್ ಎಂಬುದು ಕೆರಿಬಿಯನ್ ದ್ವೀಪಗಳ ಮೂಲನಿವಾಸಿಗಳಾದ ತೈನೋ ಜನರ ಮಾತು. ಅದು ಸ್ಪ್ಯಾನಿಷ್ ಭಾಷೆಯ ಮೂಲಕ ಇಂಗ್ಲಿಷಿಗೆ ಬಂತು.

ಹುಟ್ಟುವುದೆಲ್ಲಿ?

ಅಟ್ಲಾಂಟಿಕ್‌ನ ದೊಡ್ಡ ಚಂಡಮಾರುತಗಳಲ್ಲಿ ಹೆಚ್ಚಿನವುಗಳ ಮೂಲ ಆಫ್ರಿಕಾದಲ್ಲಿದೆ. ಸಹರಾ ಮರುಭೂಮಿಯ ಕಾದ ಗಾಳಿಗೂ ಅದರ ದಕ್ಷಿಣದ ತಂಪು ನೆಲಕ್ಕೂ ಇರುವ ವ್ಯತ್ಯಾಸದಿಂದ ಗಾಳಿಯ ಅಲೆಗಳು ಎದ್ದು ಪಶ್ಚಿಮಕ್ಕೆ ಸಾಗುತ್ತವೆ. ವರ್ಷಕ್ಕೆ ಸುಮಾರು 60 ಇಂಥ ಅಲೆಗಳು ಕಡಲಿಗಿಳಿಯುತ್ತವೆ. ಹೆಚ್ಚಿನವು ಏನೂ ಆಗದೆ ಚದುರಿಹೋಗುತ್ತವೆ. ಸಮುದ್ರದ ನೀರು 26-27 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾಗಿದ್ದು, ಮೇಲ್ಮಟ್ಟದ ಗಾಳಿ ಅಡ್ಡಡ್ಡ ಬೀಸಿ ಮೋಡಗಳನ್ನು ಹರಿದುಹಾಕದಿದ್ದರೆ ಮಾತ್ರ ಅಲೆ ಸುಳಿಯಾಗುತ್ತದೆ, ಸುಳಿ ವಾಯುಭಾರ ಕುಸಿತವಾಗುತ್ತದೆ. ಪೆಸಿಫಿಕ್‌ನಲ್ಲಿ ಎಲ್ ನಿನೋ ಇರುವ ವರ್ಷಗಳಲ್ಲಿ ಈ ಅಡ್ಡಗಾಳಿ ಹೆಚ್ಚು. ಆದ್ದರಿಂದ ಅಟ್ಲಾಂಟಿಕ್‌ನಲ್ಲಿ ಚಂಡಮಾರುತ ಕಡಿಮೆ. ನಮ್ಮ ಮುಂಗಾರನ್ನು ಕೆಡಿಸುವ ಎಲ್ ನಿನೋ ಅವರಿಗೆ ಉಪಕಾರ ಮಾಡುತ್ತದೆ!

ಋತು ಜೂನ್ 1ರಿಂದ ನವೆಂಬರ್ 30ರ ತನಕ. ಸೆಪ್ಟೆಂಬರ್ 10ರ ಆಸುಪಾಸು ಅದರ ತುದಿ. 1991-2020ರ ಸರಾಸರಿಯಂತೆ ವರ್ಷಕ್ಕೆ 14 ಬಿರುಗಾಳಿಗಳಿಗೆ ಹೆಸರು ಸಿಗುತ್ತದೆ. ಅವುಗಳಲ್ಲಿ 7 ಹರಿಕೇನ್ ಆಗುತ್ತವೆ, 3 ಭಾರೀ ಹರಿಕೇನ್ ಆಗುತ್ತವೆ.

ಹೆಸರಿನ ಕಥೆ

ಹಿಂದೆ ಕೆರಿಬಿಯನ್ ದ್ವೀಪಗಳಲ್ಲಿ ಚಂಡಮಾರುತ ಯಾವ ಸಂತರ ಹಬ್ಬದ ದಿನ ಬಂತೋ ಆ ಸಂತರ ಹೆಸರಿನಿಂದ ಅದನ್ನು ಕರೆಯುತ್ತಿದ್ದರು. ಪೋರ್ಟೋ ರಿಕೋ ದ್ವೀಪಕ್ಕೆ 1876ರ ಸೆಪ್ಟೆಂಬರ್ 13ರಂದು ಒಂದು ಚಂಡಮಾರುತ ಬಡಿಯಿತು. ಸಂತ ಫಿಲಿಪ್ಪರ ದಿನವಾದ್ದರಿಂದ ಅದು ಸಾನ್ ಫೆಲಿಪೆ. 52 ವರ್ಷಗಳ ಬಳಿಕ, 1928ರ ಸೆಪ್ಟೆಂಬರ್ 13ರಂದು ಅದೇ ದ್ವೀಪಕ್ಕೆ ಇನ್ನೊಂದು ಬಡಿಯಿತು. ಅದಕ್ಕೆ ಎರಡನೇ ಸಾನ್ ಫೆಲಿಪೆ ಎಂದರು. ಇದೇ ಎರಡನೆಯದು ಮುಂದೆ ಫ್ಲೋರಿಡಾಕ್ಕೆ ಹೋಗಿ ಒಕೀಚೋಬಿ ಸರೋವರದ ಏರಿ ಒಡೆದು ಕನಿಷ್ಠ 2,500 ಮಂದಿಯನ್ನು ಬಲಿ ತೆಗೆದುಕೊಂಡಿತು. ಸತ್ತವರಲ್ಲಿ ಹೆಚ್ಚಿನವರು ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ ಕರಿಯ ಜನರು.

ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನೆಯ ಹವಾಮಾನ ಅಧಿಕಾರಿಗಳು ಪೆಸಿಫಿಕ್‌ನ ಬಿರುಗಾಳಿಗಳಿಗೆ ತಮ್ಮ ಹೆಂಡತಿ, ಗೆಳತಿಯರ ಹೆಸರಿಡುತ್ತಿದ್ದರಂತೆ. ಒಂದೇ ಸಲ ಎರಡು ಮೂರು ಬಿರುಗಾಳಿಗಳಿದ್ದಾಗ ರೇಡಿಯೋದಲ್ಲಿ ಅಕ್ಷಾಂಶ, ರೇಖಾಂಶ ಹೇಳಿದರೆ ಗೊಂದಲ, ಹೆಸರು ಹೇಳಿದರೆ ಸುಲಭ. ಅಟ್ಲಾಂಟಿಕ್‌ನಲ್ಲಿ 1950ರಿಂದ ಮೂರು ವರ್ಷ ಸೇನೆಯ ಏಬಲ್, ಬೇಕರ್, ಚಾರ್ಲಿ ಎಂಬ ಅಕ್ಷರಸಂಕೇತಗಳು ನಡೆದವು. 1953ರಿಂದ ಹೆಂಗಸರ ಹೆಸರುಗಳು ಮಾತ್ರ. ವಿನಾಶಕ್ಕೆಲ್ಲ ಹೆಣ್ಣಿನ ಹೆಸರೇಕೆ ಎಂದು ಫ್ಲೋರಿಡಾದ ಮಹಿಳಾ ಹೋರಾಟಗಾರ್ತಿ ರಾಕ್ಸಿ ಬೋಲ್ಟನ್ ವರ್ಷಗಟ್ಟಲೆ ಪ್ರತಿಭಟಿಸಿದರು. ಕೊನೆಗೆ 1979ರಲ್ಲಿ ಅಟ್ಲಾಂಟಿಕ್ ಪಟ್ಟಿಗೆ ಗಂಡಸರ ಹೆಸರುಗಳೂ ಸೇರಿದವು. ಆ ವರ್ಷದ ಬಾಬ್ ಎಂಬುದೇ ಮೊದಲ ಗಂಡು ಚಂಡಮಾರುತ. ಅದೇ ವರ್ಷದ ಡೇವಿಡ್ ಡೊಮಿನಿಕನ್ ಗಣರಾಜ್ಯದಲ್ಲಿ ಸುಮಾರು 2,000 ಜನರನ್ನು ಕೊಂದಿತು.

ಈಗಿನ ಪದ್ಧತಿ ಹೀಗಿದೆ. ಆರು ಪಟ್ಟಿಗಳಿವೆ, ಒಂದೊಂದರಲ್ಲಿ 21 ಹೆಸರು. ಕ್ಯೂ, ಯು, ಎಕ್ಸ್, ವೈ, ಝಡ್ ಅಕ್ಷರಗಳಿಗೆ ಸಾಕಷ್ಟು ಹೆಸರು ಸಿಗದ ಕಾರಣ ಅವನ್ನು ಬಿಟ್ಟಿದ್ದಾರೆ. ಇಂಗ್ಲಿಷ್, ಸ್ಪ್ಯಾನಿಷ್, ಫ್ರೆಂಚ್ ಹೆಸರುಗಳು ಬೆರೆತಿವೆ. ಒಂದು ಗಂಡು, ಒಂದು ಹೆಣ್ಣು ಎಂದು ಸರದಿ. ಆರು ವರ್ಷಕ್ಕೊಮ್ಮೆ ಅದೇ ಪಟ್ಟಿ ಮರಳಿ ಬರುತ್ತದೆ. 2020ರಲ್ಲಿ ಆರ್ಥರ್‌ನಿಂದ ಶುರುವಾದ ಪಟ್ಟಿಯೇ 2026ರದ್ದು. ಗಾಳಿಯ ವೇಗ ಗಂಟೆಗೆ 63 ಕಿ.ಮೀ. ಮುಟ್ಟಿದಾಗ ಮಯಾಮಿಯಲ್ಲಿರುವ ರಾಷ್ಟ್ರೀಯ ಹರಿಕೇನ್ ಕೇಂದ್ರ ಪಟ್ಟಿಯ ಮುಂದಿನ ಹೆಸರನ್ನು ಕೊಡುತ್ತದೆ. 119 ಕಿ.ಮೀ. ಆದರೆ ಅದು ಹರಿಕೇನ್. ಪಟ್ಟಿ ಮಾತ್ರ ಮಯಾಮಿಯವರದ್ದಲ್ಲ. ವಿಶ್ವ ಹವಾಮಾನ ಸಂಸ್ಥೆಯ ಸಮಿತಿಯಲ್ಲಿ ಆ ಭಾಗದ ದೇಶಗಳೆಲ್ಲ ಕೂತು ತೀರ್ಮಾನಿಸುತ್ತವೆ.

ನಮ್ಮ ಕಡೆಯ ಪದ್ಧತಿ ಬೇರೆ. ಅರಬ್ಬೀ ಸಮುದ್ರ, ಬಂಗಾಳ ಕೊಲ್ಲಿಯ ಚಂಡಮಾರುತಗಳಿಗೆ ಹೆಸರಿಡುವುದು 2004ರಲ್ಲಿ ಆರಂಭವಾಯಿತು. 2020ರಲ್ಲಿ ಬಂದ ಪಟ್ಟಿಯಲ್ಲಿ 13 ದೇಶಗಳು ತಲಾ 13ರಂತೆ 169 ಹೆಸರು ಕೊಟ್ಟಿವೆ. ಒಮ್ಮೆ ಬಳಸಿದ ಹೆಸರು ಇಲ್ಲಿ ಮತ್ತೆ ಬರುವುದಿಲ್ಲ. 2021ರ ಮೇ ತಿಂಗಳಲ್ಲಿ ಕೇರಳ, ಕರ್ನಾಟಕದ ಕರಾವಳಿಯುದ್ದಕ್ಕೂ ಕಡಲ್ಕೊರೆತ ತಂದು ಗುಜರಾತಿಗೆ ಅಪ್ಪಳಿಸಿದ ತೌಕ್ತೆಯ ಹೆಸರು ಮ್ಯಾನ್ಮಾರ್ ಕೊಟ್ಟದ್ದು, ಒಂದು ಜಾತಿಯ ಹಲ್ಲಿಯ ಹೆಸರು ಅದು.

ಹೆಸರಿನ ನಿವೃತ್ತಿ

ಅಟ್ಲಾಂಟಿಕ್‌ನಲ್ಲಿ ಹೆಸರುಗಳು ತಿರುಗಿ ಬರುವುದರಿಂದ ಒಂದು ಸಮಸ್ಯೆ ಇದೆ. ಸಾವಿರಾರು ಜನರನ್ನು ಕೊಂದ ಹೆಸರನ್ನು ಆರು ವರ್ಷದ ನಂತರ ಇನ್ನೊಂದು ಬಿರುಗಾಳಿಗೆ ಇಡುವುದು ಸರಿಯೆ? ಅದಕ್ಕೇ ಭಾರೀ ನಾಶ ಮಾಡಿದವುಗಳ ಹೆಸರನ್ನು ಸಮಿತಿ ಶಾಶ್ವತವಾಗಿ ಕೈಬಿಡುತ್ತದೆ. 2005ರ ಕತ್ರಿನಾ ಹೋಗಿ ಕಾಟಿಯಾ ಬಂತು. 1998ರ ಮಿಚ್ ಹೋಗಿ ಮ್ಯಾಥ್ಯೂ ಬಂತು. ಆ ಮ್ಯಾಥ್ಯೂ 2016ರಲ್ಲಿ ಹೈಟಿಯನ್ನು ಹಾಳುಗೆಡವಿ ತಾನೂ ನಿವೃತ್ತಿಯಾಯಿತು. 2024ರ ಬೆರಿಲ್, ಹೆಲೀನ್, ಮಿಲ್ಟನ್ ಸೇರಿ 2025ರ ಸಭೆಯ ತನಕ ಹೀಗೆ ಹೋದ ಹೆಸರು 99. ಇವುಗಳಲ್ಲಿ 'ಐ' ಅಕ್ಷರದವೇ ಹೆಚ್ಚು: ಐವನ್, ಐಕ್, ಐರೀನ್, ಇರ್ಮಾ, ಇಯಾನ್, ಐಡಾ... ಪಟ್ಟಿ ಐ ಅಕ್ಷರ ಮುಟ್ಟುವ ಹೊತ್ತಿಗೆ ಸಾಮಾನ್ಯವಾಗಿ ಸೆಪ್ಟೆಂಬರ್ ಆಗಿರುತ್ತದೆ, ಕಡಲು ಅತಿ ಬಿಸಿಯಾಗಿರುತ್ತದೆ, ಅಷ್ಟೇ ಕಾರಣ.

ಯಾವ ಹೆಸರು ಹೋಗುತ್ತದೆ, ಯಾವುದು ಉಳಿಯುತ್ತದೆ ಎಂಬುದರಲ್ಲಿ ಒಂದು ಅನ್ಯಾಯವೂ ಇದೆ ಎನ್ನದೆ ವಿಧಿಯಿಲ್ಲ. 2001ರ ಆಲಿಸನ್ ಎಂದೂ ಹರಿಕೇನ್ ಆಗಲೇ ಇಲ್ಲ, ಬರೀ ಬಿರುಗಾಳಿ. ಆದರೂ ಹ್ಯೂಸ್ಟನ್ ನಗರವನ್ನು ಮುಳುಗಿಸಿದ್ದಕ್ಕೆ ಅದರ ಹೆಸರು ಹೋಯಿತು. ಅದು ಸರಿಯಾದದ್ದೇ. ಆದರೆ 1994ರ ಗೋರ್ಡನ್? ಹೈಟಿ ದೇಶದಲ್ಲಿ ಅದರ ಮಳೆಗೆ ಸಾವಿರಕ್ಕೂ ಹೆಚ್ಚು ಜನ ಸತ್ತರು. ಕಾಡು ಕಡಿದು ಬೋಳಾದ ಗುಡ್ಡಗಳಿಂದ ಕೆಸರು ಹರಿದು ಮನೆಗಳ ಮೇಲೆ ಬಿತ್ತು. ಹೆಸರು ಮಾತ್ರ ಪಟ್ಟಿಯಲ್ಲೇ ಉಳಿಯಿತು. 2000, 2006, 2012, 2018, 2024ರಲ್ಲಿ ಗೋರ್ಡನ್ ಮತ್ತೆ ಮತ್ತೆ ಬಂತು. ಹೆಸರು ತೆಗೆಯಿರಿ ಎಂದು ಹೊಡೆತ ತಿಂದ ದೇಶ ಕೇಳಬೇಕಾಗುತ್ತದೆ, ಸಭೆಯಲ್ಲಿ ದನಿ ಎತ್ತಲು ಆ ದೇಶದ ಇಲಾಖೆಗೆ ಶಕ್ತಿ ಇರಬೇಕಾಗುತ್ತದೆ. 2004ರ ಜೀನ್ ಹೈಟಿಯ ಗೊನಾಯೀವ್ ಪಟ್ಟಣದಲ್ಲಿ ಪ್ರವಾಹ ತಂದು ದೇಶದಲ್ಲಿ 3,000ಕ್ಕೂ ಹೆಚ್ಚು ಮಂದಿಯನ್ನು ಕೊಂದಾಗ ಅದರ ಹೆಸರು ಹೋಯಿತು. ಆದರೆ ಜೀನ್ ಅನಂತರ ಫ್ಲೋರಿಡಾಕ್ಕೂ ಹೋಗಿತ್ತು ಎಂಬುದನ್ನು ಮರೆಯುವ ಹಾಗಿಲ್ಲ.

ಪಟ್ಟಿಯ 21 ಹೆಸರೂ ಮುಗಿದುಹೋದ ವರ್ಷಗಳಿವೆ. 2005 ಮತ್ತು 2020ರಲ್ಲಿ ಗ್ರೀಕ್ ಅಕ್ಷರಗಳಾದ ಆಲ್ಫಾ, ಬೀಟಾಗಳನ್ನು ಬಳಸಿದರು. 2020ರಲ್ಲಿ 30 ಬಿರುಗಾಳಿಗಳು! ಝೀಟಾ, ಈಟಾ, ಥೀಟಾ ಎಂದರೆ ರೇಡಿಯೋದಲ್ಲಿ ಒಂದೇ ಥರ ಕೇಳಿ ಜನ ಕಂಗಾಲಾದರು. ಆ ನವೆಂಬರಿನಲ್ಲಿ ಈಟಾ, ಅಯೋಟಾ ಎಂಬ ಎರಡು ಭೀಕರ ಚಂಡಮಾರುತಗಳು ನಿಕರಾಗುವಾ ದೇಶದ ಕರಾವಳಿಯ ಒಂದೇ ಭಾಗಕ್ಕೆ ಎರಡು ವಾರದ ಅಂತರದಲ್ಲಿ ಬಡಿದವು. ಮೊದಲನೆಯದರ ಅವಶೇಷ ಎತ್ತುವ ಮೊದಲೇ ಎರಡನೆಯದು. 2021ರಲ್ಲಿ ಸಮಿತಿ ಗ್ರೀಕ್ ಅಕ್ಷರಗಳನ್ನು ಕೈಬಿಟ್ಟು ಹೆಚ್ಚುವರಿ ಹೆಸರುಗಳ ಪಟ್ಟಿ ಮಾಡಿತು.

ಅಪ್ಪಳಿಸುವುದು ಎಲ್ಲಿ?

ಅಟ್ಲಾಂಟಿಕ್‌ನ ನಡುವೆ ಒಂದು ದೊಡ್ಡ ಅಧಿಕ ಒತ್ತಡದ ಪ್ರದೇಶ ಕೂತಿರುತ್ತದೆ. ಚಂಡಮಾರುತ ಅದರ ದಕ್ಷಿಣದ ಅಂಚು ಹಿಡಿದು ಪಶ್ಚಿಮಕ್ಕೆ ಬರುತ್ತದೆ, ಅಂಚು ಮುಗಿದಲ್ಲಿ ಉತ್ತರಕ್ಕೆ ತಿರುಗುತ್ತದೆ. ಬೇಗ ತಿರುಗಿದರೆ ನಡುಗಡಲಲ್ಲೇ ಮುಗಿಯುತ್ತದೆ, ಯಾರಿಗೂ ತೊಂದರೆಯಿಲ್ಲ. ತಡವಾಗಿ ತಿರುಗಿದರೆ ಮೊದಲು ಕೆರಿಬಿಯನ್ ದ್ವೀಪಗಳು, ಆಮೇಲೆ ಬಹಾಮಾಸ್, ಫ್ಲೋರಿಡಾ, ಕೆರೊಲಿನಾ. ತಿರುಗದೇ ಹೋದರೆ ಮೆಕ್ಸಿಕೋ ಕೊಲ್ಲಿ, ಲೂಸಿಯಾನಾ, ಟೆಕ್ಸಾಸ್, ಮಧ್ಯ ಅಮೆರಿಕ. ಅಮೆರಿಕಕ್ಕೆ ಅಪ್ಪಳಿಸಿದ ಹರಿಕೇನ್‌ಗಳಲ್ಲಿ ಹತ್ತಕ್ಕೆ ನಾಲ್ಕು ಫ್ಲೋರಿಡಾದ ಪಾಲು. ಭೂಮಧ್ಯ ರೇಖೆಗೆ ಹತ್ತಿರದ ಟ್ರಿನಿಡಾಡ್, ಅರೂಬಾಗಳಿಗೆ ಅಪರೂಪ.

ಅಪರೂಪ ಎಂಬ ಮಾತನ್ನೂ ಪೂರ್ತಿ ನಂಬುವ ಹಾಗಿಲ್ಲ. ಗ್ರೆನಡಾ ದ್ವೀಪಕ್ಕೆ 1955ರಲ್ಲಿ ಜಾನೆಟ್ ಬಡಿದಿತ್ತು. ಅನಂತರ 49 ವರ್ಷ ದೊಡ್ಡ ಏಟು ಬೀಳಲಿಲ್ಲ, ಒಂದು ಪೀಳಿಗೆ ಚಂಡಮಾರುತವನ್ನೇ ಕಾಣದೆ ಬೆಳೆಯಿತು. 2004ರ ಸೆಪ್ಟೆಂಬರ್ 7ರಂದು ಐವನ್ ಬಂದಾಗ ದ್ವೀಪದ ಹತ್ತರಲ್ಲಿ ಒಂಬತ್ತು ಮನೆಗಳಿಗೆ ಹಾನಿಯಾಯಿತು. 2024ರ ಜುಲೈ 1ರಂದು ಬೆರಿಲ್ ಅದೇ ದೇಶದ ಕ್ಯಾರಿಯಾಕೂ ದ್ವೀಪವನ್ನು ನೆಲಸಮ ಮಾಡಿತು. 2025ರ ಅಕ್ಟೋಬರ್ 28ರಂದು ಮೆಲಿಸಾ ಗಂಟೆಗೆ ಸುಮಾರು 295 ಕಿ.ಮೀ. ವೇಗದ ಗಾಳಿಯೊಂದಿಗೆ ಜಮೈಕಾದ ಪಶ್ಚಿಮ ಭಾಗಕ್ಕೆ ಅಪ್ಪಳಿಸಿತು. ಆ ದ್ವೀಪ ಕಂಡ ಅತಿ ಬಲಿಷ್ಠ ಚಂಡಮಾರುತ ಅದು.

ಸಂಖ್ಯೆ ಗಾಳಿಗೆ, ಸಾವು ನೀರಿಗೆ

ಕೆಟಗರಿ ಎಂಬುದು ಹರ್ಬರ್ಟ್ ಸ್ಯಾಫಿರ್ ಎಂಬ ಎಂಜಿನಿಯರ್ ಮತ್ತು ಹರಿಕೇನ್ ಕೇಂದ್ರದ ನಿರ್ದೇಶಕರಾಗಿದ್ದ ರಾಬರ್ಟ್ ಸಿಂಪ್ಸನ್ ರೂಪಿಸಿದ ಮಾಪನ. ಗಂಟೆಗೆ 119 ಕಿ.ಮೀ.ನಿಂದ ಒಂದು, 154ರಿಂದ ಎರಡು, 178ರಿಂದ ಮೂರು, 209ರಿಂದ ನಾಲ್ಕು, 252 ಮತ್ತು ಮೇಲ್ಪಟ್ಟರೆ ಐದು. ಮೂರರಿಂದ ಮೇಲಿನವನ್ನು ಭಾರೀ ಹರಿಕೇನ್ ಎನ್ನುತ್ತಾರೆ. ಛಾವಣಿ ಹಾರುತ್ತದೆಯೇ, ಗೋಡೆ ನಿಲ್ಲುತ್ತದೆಯೇ ಎಂದು ತಿಳಿಯಲು ಇದು ಒಳ್ಳೆಯದೇ. ಆದರೆ 1963ರಿಂದ 2012ರ ತನಕ ಅಮೆರಿಕದಲ್ಲಿ ಈ ಬಿರುಗಾಳಿಗಳಿಂದ ನೇರವಾಗಿ ಸತ್ತವರ ಲೆಕ್ಕ ತೆಗೆದಾಗ ಹತ್ತರಲ್ಲಿ ಒಂಬತ್ತು ಮಂದಿ ನೀರಿನಿಂದ ಸತ್ತದ್ದು ಕಂಡುಬಂತು. ಅರ್ಧದಷ್ಟು ಸಾವಿಗೆ ಕಾರಣ ಗಾಳಿ ತಳ್ಳಿಕೊಂಡು ಬರುವ ಕಡಲ ಉಬ್ಬರ, ಕಾಲು ಭಾಗಕ್ಕೆ ಮಳೆಯ ಪ್ರವಾಹ.

ಈ ಉಬ್ಬರ ನಮ್ಮ ದಿನನಿತ್ಯದ ಉಬ್ಬರ-ಇಳಿತದಂಥದ್ದಲ್ಲ. ನೂರಾರು ಕಿ.ಮೀ. ಅಗಲದ ಗಾಳಿ ಗಂಟೆಗಟ್ಟಲೆ ನೀರನ್ನು ದಡಕ್ಕೆ ನೂಕುತ್ತದೆ. ಕಡಲು ಆಳವಿಲ್ಲದಲ್ಲಿ ಆ ನೀರಿಗೆ ಹಿಂದೆ ಹೋಗಲು ದಾರಿಯಿಲ್ಲದೆ ಊರಿನೊಳಗೆ ನುಗ್ಗುತ್ತದೆ. ಗಾಳಿ ಎಷ್ಟು ಜೋರು ಎಂಬುದಲ್ಲದೆ ಬಿರುಗಾಳಿ ಎಷ್ಟು ಅಗಲ, ತೀರ ಎಂಥದ್ದು ಎಂಬುದರ ಮೇಲೂ ಇದು ನಿಂತಿದೆ. ಟೆಕ್ಸಾಸ್‌ನ ಗಾಲ್ವೆಸ್ಟನ್ ಪಟ್ಟಣ ಇದ್ದ ಮರಳಿನ ದ್ವೀಪದ ಅತಿ ಎತ್ತರದ ಜಾಗವೇ ಸಮುದ್ರ ಮಟ್ಟದಿಂದ 9 ಅಡಿಗಿಂತ ಕಡಿಮೆ. 1900ರ ಸೆಪ್ಟೆಂಬರ್ 8ರಂದು ಬಂದ ನೀರು ಸುಮಾರು 15 ಅಡಿ. ಸತ್ತವರು ಕನಿಷ್ಠ 6,000, ಸಾಮಾನ್ಯವಾಗಿ ಹೇಳುವ ಲೆಕ್ಕ 8,000. ಅಮೆರಿಕದ ಇತಿಹಾಸದಲ್ಲಿ ಇಷ್ಟು ಜನರನ್ನು ಕೊಂದ ಪ್ರಕೃತಿ ವಿಕೋಪ ಇನ್ನೊಂದಿಲ್ಲ. ಕ್ಯೂಬಾದ ಹವಾಮಾನ ತಜ್ಞರು ಈ ಬಿರುಗಾಳಿ ಮೆಕ್ಸಿಕೋ ಕೊಲ್ಲಿಯೊಳಕ್ಕೆ ಹೋಗುತ್ತದೆ ಎಂದು ಎಣಿಸಿದ್ದರು. ವಾಷಿಂಗ್ಟನ್ನಿನ ಹವಾಮಾನ ಕಚೇರಿ ಅವರ ಮಾತಿಗೆ ಬೆಲೆ ಕೊಡದೆ, ಅದು ಉತ್ತರಕ್ಕೆ ತಿರುಗುತ್ತದೆ ಎಂದು ಕೂತಿತ್ತು.

ಸಂಖ್ಯೆ ಹೇಗೆ ಮೋಸ ಮಾಡುತ್ತದೆ ಎಂಬುದಕ್ಕೆ ಮಿಸಿಸಿಪ್ಪಿ ರಾಜ್ಯದ ಕರಾವಳಿಯನ್ನು ನೋಡಬೇಕು. 1969ರಲ್ಲಿ ಅಲ್ಲಿಗೆ ಕೆಟಗರಿ ಐದರ ಕಮೀಲ್ ಬಂದಿತ್ತು. ಅದರಲ್ಲಿ ನಿಂತ ಮನೆಗಳು, ಉಳಿದ ಜನ, "ಕಮೀಲ್ ಅನ್ನೇ ಕಂಡವರು ನಾವು" ಎಂದು 36 ವರ್ಷ ಹೇಳಿಕೊಂಡು ಬಂದರು. 2005ರ ಆಗಸ್ಟ್ 29ರಂದು ಕತ್ರಿನಾ ಬಂದಾಗ ಅದು ಕೆಟಗರಿ ಮೂರು. ಹಲವರು ಮನೆ ಬಿಡಲಿಲ್ಲ. ಆದರೆ ಕತ್ರಿನಾ ಕಮೀಲ್‌ಗಿಂತ ಬಹಳ ಅಗಲ. ಕಮೀಲ್ ತಂದ ನೀರು 24 ಅಡಿ ಆಸುಪಾಸಿನದ್ದಾದರೆ ಕತ್ರಿನಾ ತಂದದ್ದು ಸುಮಾರು 28 ಅಡಿ! ಕಮೀಲ್‌ನಲ್ಲಿ ಉಳಿದ ಮನೆಗಳು ಕತ್ರಿನಾದಲ್ಲಿ ತಳಪಾಯದ ಸಮೇತ ಹೋದವು. ಪಕ್ಕದ ಲೂಸಿಯಾನಾದಲ್ಲಿ ತಡೆಗೋಡೆಗಳು ಒಡೆದು ನ್ಯೂ ಓರ್ಲಿಯನ್ಸ್ ನಗರದ ಶೇ. 80 ಭಾಗ ಮುಳುಗಿತು. ಸತ್ತವರು 1,833 ಎಂದು ಬಹುಕಾಲ ಲೆಕ್ಕವಿತ್ತು, 2023ರಲ್ಲಿ ಹರಿಕೇನ್ ಕೇಂದ್ರ ಅದನ್ನು 1,392 ಎಂದು ತಿದ್ದಿತು. ಮೊದಲು ಉಬ್ಬರದ ಎತ್ತರವನ್ನೂ ಕೆಟಗರಿಗೆ ಜೋಡಿಸಿ ಹೇಳುತ್ತಿದ್ದರು. ಇಂಥ ಅನುಭವಗಳ ನಂತರ 2010ರಿಂದ ಆ ಮಾತನ್ನು ಮಾಪನದಿಂದ ತೆಗೆದುಹಾಕಿದರು. 2017ರಿಂದ ಉಬ್ಬರಕ್ಕೆ ಪ್ರತ್ಯೇಕ ಎಚ್ಚರಿಕೆ ಕೊಡುತ್ತಾರೆ. 2008ರ ಐಕ್ ದಡ ಸೇರುವಾಗ ಕೆಟಗರಿ ಎರಡು ಮಾತ್ರ. ಅದು ಗಾಲ್ವೆಸ್ಟನ್ ಪಕ್ಕದ ಬೊಲಿವಾರ್ ಪಟ್ಟಿಯಲ್ಲಿ ಸಾಲು ಸಾಲು ಮನೆಗಳನ್ನು ಗುಡಿಸಿಹಾಕಿತು.

ಉಬ್ಬರದ ಭಯಕ್ಕೆ ಜನರನ್ನು ಮೊದಲೇ ತೆರವು ಮಾಡುವುದು ಸುಧಾರಿಸಿದೆ. 2013ರಿಂದ 2022ರ ಲೆಕ್ಕದಲ್ಲಿ ಉಬ್ಬರದಿಂದ ಸತ್ತವರು ಹತ್ತರಲ್ಲಿ ಒಬ್ಬರು. ಆದರೆ ಅರ್ಧಕ್ಕಿಂತ ಹೆಚ್ಚು ಸಾವು ಮಳೆಯ ಪ್ರವಾಹದಿಂದ, ಅದರಲ್ಲೂ ಎಷ್ಟೋ ಸಾವು ಕಡಲಿನಿಂದ ದೂರದಲ್ಲಿ. 2017ರ ಹಾರ್ವಿ ಕೆಟಗರಿ ನಾಲ್ಕಾಗಿ ಟೆಕ್ಸಾಸ್ ದಡ ಸೇರಿ, ಬೇಗನೆ ಸಾಮಾನ್ಯ ಬಿರುಗಾಳಿಯಾಗಿ ದುರ್ಬಲಗೊಂಡಿತು. ಅನಂತರವೇ ಹ್ಯೂಸ್ಟನ್ ಮುಳುಗಿದ್ದು! ಹೋಗಲು ದಾರಿ ಕಾಣದೆ ಅಲ್ಲಲ್ಲೇ ಸುತ್ತಿ ಕೆಲವೇ ದಿನಗಳಲ್ಲಿ ಒಂದು ಕಡೆ 1,539 ಮಿ.ಮೀ. ಮಳೆ ಸುರಿಸಿತು. ಕಾಸರಗೋಡಿನಲ್ಲಿ ಇಡೀ ಮಳೆಗಾಲಕ್ಕೆ ಬೀಳುವ ಮಳೆಯ ಹೆಚ್ಚುಕಡಿಮೆ ಅರ್ಧ. 2024ರ ಸೆಪ್ಟೆಂಬರ್ 26ರ ರಾತ್ರಿ ಫ್ಲೋರಿಡಾ ದಡ ಸೇರಿದ ಹೆಲೀನ್, ಕಡಲಿನಿಂದ ನೂರಾರು ಕಿ.ಮೀ. ಒಳಗೆ ಉತ್ತರ ಕೆರೊಲಿನಾದ ಬೆಟ್ಟಸೀಮೆಯ ಆಶ್ವಿಲ್ ಸುತ್ತಮುತ್ತ ನದಿ ಉಕ್ಕಿಸಿ, ಗುಡ್ಡ ಕುಸಿಯುವಂತೆ ಮಾಡಿತು. ಒಟ್ಟು ಸುಮಾರು 250 ಜೀವಹಾನಿ. ಚಂಡಮಾರುತಕ್ಕೆ ಹೆದರಿ ಬೆಟ್ಟದ ಕಡೆ ಹೋದರೆ ಸಾಕು ಎಂದುಕೊಂಡಿದ್ದವರ ಲೆಕ್ಕಾಚಾರ ಅಲ್ಲಿಗೆ ತಪ್ಪಿತು.

ಗಾಳಿ, ನೀರು ಎರಡೂ ಹೋದ ಮೇಲೂ ಸಾವು ನಿಲ್ಲುವುದಿಲ್ಲ. 2017ರ ಮರಿಯಾ ಪೋರ್ಟೋ ರಿಕೋದಲ್ಲಿ 64 ಜನರನ್ನು ಕೊಂದಿತು ಎಂಬುದು ಸರಕಾರದ ಮೊದಲ ಲೆಕ್ಕ. ಕರೆಂಟಿಲ್ಲದೆ, ಆಕ್ಸಿಜನ್ ಯಂತ್ರ, ಡಯಾಲಿಸಿಸ್ ಇಲ್ಲದೆ, ಔಷಧಿ ಸಿಗದೆ ಮುಂದಿನ ತಿಂಗಳುಗಳಲ್ಲಿ ಸತ್ತವರನ್ನು ಯಾರೂ ಎಣಿಸಿರಲಿಲ್ಲ. ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದಿಂದ ಅಧ್ಯಯನ ಮಾಡಿಸಿದಾಗ ಬಂದ ಸಂಖ್ಯೆ 2,975. ಸರಕಾರ 2018ರಲ್ಲಿ ಅದನ್ನೇ ಒಪ್ಪಿಕೊಂಡಿತು.

ನಕ್ಷೆ ಓದುವುದು ಹೇಗೆ?

ಅಮೆರಿಕದ ವಾರ್ತೆಯಲ್ಲಿ ಬರುವ ನಕ್ಷೆಯಲ್ಲಿ ಬಿಳಿ ಬಣ್ಣದ, ಮುಂದೆ ಹೋದಂತೆ ಅಗಲವಾಗುವ ಒಂದು ಆಕಾರವಿರುತ್ತದೆ. ಅದು ಚಂಡಮಾರುತದ ಗಾತ್ರವಲ್ಲ. ಅದರ ನಡುಬಿಂದು ಎಲ್ಲೆಲ್ಲಿ ಹೋಗಬಹುದು ಎಂಬ ಅಂದಾಜು ಮಾತ್ರ. ಮೂರು ಸಲದಲ್ಲಿ ಸುಮಾರು ಒಂದು ಸಲ ನಡುಬಿಂದುವೇ ಆ ಆಕಾರದ ಹೊರಗೆ ಹೋಗುತ್ತದೆ. ಮಳೆ, ಉಬ್ಬರ ಅದರಾಚೆಗೂ ಬಹುದೂರ ಮುಟ್ಟುತ್ತವೆ. 2004ರ ಚಾರ್ಲಿ ಟ್ಯಾಂಪಾ ನಗರಕ್ಕೆ ಹೋಗುತ್ತದೆ ಎಂದು ಎಲ್ಲರ ಕಣ್ಣು ನಡುಗೆರೆಯ ಮೇಲಿತ್ತು. ಅದು ದಕ್ಷಿಣದ ಪುಂಟಾ ಗೋರ್ಡಾಕ್ಕೆ ಬಡಿಯಿತು. 18 ವರ್ಷದ ನಂತರ 2022ರ ಇಯಾನ್ ಕೂಡ ಟ್ಯಾಂಪಾ ಬಿಟ್ಟು ಅದೇ ಭಾಗಕ್ಕೆ ಹೋಯಿತು. ಫೋರ್ಟ್ ಮೈಯರ್ಸ್ ಇರುವ ಲೀ ಜಿಲ್ಲೆಯಲ್ಲಿ ಮನೆ ಬಿಡುವ ಆದೇಶ ಬಂದದ್ದು ಚಂಡಮಾರುತ ಅಪ್ಪಳಿಸುವ ಹಿಂದಿನ ದಿನ ಬೆಳಿಗ್ಗೆ.

ಇನ್ನು ಎರಡು ಪದಗಳು. ಹರಿಕೇನ್ 'ವಾಚ್' ಎಂದರೆ ಬರುವ ಸಾಧ್ಯತೆ ಇದೆ, ಸಿದ್ಧತೆ ಮಾಡಿಕೊಳ್ಳಿ ಎಂದರ್ಥ. ಜೋರು ಗಾಳಿ ಶುರುವಾಗುವುದಕ್ಕೆ ಸುಮಾರು 48 ಗಂಟೆ ಮೊದಲು ಕೊಡುತ್ತಾರೆ. 'ವಾರ್ನಿಂಗ್' ಎಂದರೆ ಬರುವುದು ಬಹುತೇಕ ಖಚಿತ, ಸುಮಾರು 36 ಗಂಟೆ ಮೊದಲು. ಅಲ್ಲಿರುವ ಮಕ್ಕಳಿಗೆ ಫೋನ್ ಮಾಡುವವರು ಕೆಟಗರಿ ಎಷ್ಟು ಎಂದು ಕೇಳುವ ಬದಲು ಮನೆ ಯಾವ ತೆರವು ವಲಯದಲ್ಲಿದೆ, ಉಬ್ಬರದ ಎಚ್ಚರಿಕೆ ಇದೆಯೇ, ಹತ್ತಿರ ನದಿ, ತೋಡು ಇದೆಯೇ ಎಂದು ಕೇಳುವುದು ಒಳ್ಳೆಯದು. ಫ್ಲೋರಿಡಾ, ಟೆಕ್ಸಾಸ್ ಕರಾವಳಿಯ ಜಿಲ್ಲೆಗಳಲ್ಲಿ ಈ ವಲಯಗಳನ್ನು ಮೊದಲೇ ಗುರುತಿಸಿಟ್ಟಿರುತ್ತಾರೆ. ಫ್ಲೋರಿಡಾದಲ್ಲಿ ಎ, ಬಿ, ಸಿ ಎಂದು ಅಕ್ಷರಗಳಿದ್ದು, ಎ ವಲಯದವರು ಮೊದಲು ಮನೆ ಬಿಡಬೇಕಾಗುತ್ತದೆ.